ಸಾಲ ಯಾರ ಹೆಸರಿಗೆ, ಹಣ ಯಾರ ಕೈಗೆ?

ಕಿರುಸಾಲ ಮತ್ತು ಬಡ ಕುಟುಂಬದ ಮಹಿಳೆ

ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಇದನ್ನು ನೀವು ನೋಡಿರುತ್ತೀರಿ. ವಾರಕ್ಕೊಂದು ದಿನ, ಬೆಳಗಿನ ಕೆಲಸ ಒಂದು ಹದಕ್ಕೆ ಬಂದ ಹೊತ್ತಿನಲ್ಲಿ, ಹತ್ತು ಹದಿನೈದು ಮಂದಿ ಹೆಂಗಸರು ಒಂದೆಡೆ ಸೇರುತ್ತಾರೆ. ಅದು ದೇವಸ್ಥಾನದ ಜಗಲಿಯಾಗಿರಬಹುದು, ಅಂಗನವಾಡಿಯ ಮುಂಭಾಗವಾಗಿರಬಹುದು, ಯಾರದೋ ಮನೆಯ ಪಡಸಾಲೆಯಾಗಿರಬಹುದು. ಚಾಪೆಯ ಮೇಲೆ ಸುತ್ತಲೂ ಕುಳಿತು, ಸೆರಗಿನ ಗಂಟು ಬಿಚ್ಚಿ, ನೋಟುಗಳನ್ನು ಎಣಿಸಿ ಇಡುತ್ತಾರೆ. ಒಬ್ಬಾಕೆ ಪುಸ್ತಕ ಬರೆಯುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ಎದ್ದು ಹೊಲಕ್ಕೋ, ಬೀಡಿ ಕಟ್ಟಲಿಕ್ಕೋ, ಗಾರ್ಮೆಂಟ್ಸಿಗೋ ಹೊರಡುತ್ತಾರೆ. ಕೇಳಿದರೆ "ಸಂಘ ಇತ್ತು" ಎನ್ನುತ್ತಾರೆ.

ಈ ಸಂಘಗಳ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಸಂಘ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಧೈರ್ಯವಾಗಿ ಬ್ಯಾಂಕಿಗೆ ಹೋಗುತ್ತಾರೆ, ಸಭೆಯಲ್ಲಿ ಮಾತನಾಡುತ್ತಾರೆ" ಎನ್ನುವವರು ಒಂದು ಕಡೆ. "ಸಂಘದ ಸಾಲದಿಂದಲೇ ಮನೆ ಹಾಳಾಯಿತು, ಕಂತಿನ ದಿನ ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ" ಎನ್ನುವವರು ಇನ್ನೊಂದು ಕಡೆ. ಎರಡೂ ಸುಳ್ಳಲ್ಲ. ಒಂದೇ ಊರಿನ ಒಂದೇ ಬೀದಿಯಲ್ಲಿ ಎರಡೂ ನಿಜವಾಗಿರುವುದುಂಟು. ಹಾಗಾದರೆ ಸಣ್ಣ ಸಾಲವೊಂದು ಹೆಣ್ಣಿನ ಕೈಯನ್ನು ಬಲಪಡಿಸುವುದು ಯಾವಾಗ, ಅದೇ ಕೈಯನ್ನು ಕಟ್ಟಿಹಾಕುವುದು ಯಾವಾಗ? ಈ ಲೇಖನದಲ್ಲಿ ನಾವು ತಿಳಿದುಕೊಳ್ಳಬೇಕಾದ ವಿಷಯ ಇದೇ.

ಬಡವರಿಗೆ ಸಾಲ ಏಕೆ ಸಿಗುತ್ತಿರಲಿಲ್ಲ?

ಸಾಲ ಎಂದರೆ ಬಡ ಮನೆಗೆ ಹೊಸದೇನೂ ಅಲ್ಲ. ಮಗುವಿಗೆ ಜ್ವರ ಬಂದಾಗ, ಬಿತ್ತನೆಯ ಕಾಲದಲ್ಲಿ, ಮದುವೆ ಗೊತ್ತಾದಾಗ ಸಾಲ ಮಾಡದೆ ವಿಧಿಯಿಲ್ಲ. ಪ್ರಶ್ನೆ ಇರುವುದು ಯಾರ ಹತ್ತಿರ, ಯಾವ ಬಡ್ಡಿಗೆ ಎನ್ನುವುದರಲ್ಲಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಕಡಿಮೆಯಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ: ಅದು ವರ್ಷಕ್ಕೆ ಶೇಕಡಾ 60. ಹತ್ತು ರೂಪಾಯಿ ಬಡ್ಡಿಯಾದರೆ ಶೇಕಡಾ 120. ಅಂದರೆ ಒಂದು ವರ್ಷದಲ್ಲಿ ಬಡ್ಡಿಯೇ ಅಸಲನ್ನು ಮೀರುತ್ತದೆ.

ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ. ಆದರೆ ಬ್ಯಾಂಕು ಜಾಮೀನು ಕೇಳುತ್ತದೆ, ಆಸ್ತಿಯ ಪತ್ರ ಕೇಳುತ್ತದೆ. ಪಹಣಿ ಇರುವುದು ಗಂಡನ ಹೆಸರಿನಲ್ಲಿ, ಇಲ್ಲವೆ ಮಾವನ ಹೆಸರಿನಲ್ಲಿ. ಹೆಂಡತಿಯ ಹೆಸರಿನಲ್ಲಿ ಇರುವುದು ಹೆಚ್ಚೆಂದರೆ ತವರಿನಿಂದ ತಂದ ಓಲೆ, ಮೂಗುಬೊಟ್ಟು. ಅವು ಗಿರವಿ ಅಂಗಡಿಯ ದಾರಿ ಹಿಡಿದಾಗಿರುತ್ತದೆ. ಬ್ಯಾಂಕಿನ ಕಡೆಯಿಂದಲೂ ಒಂದು ತೊಡಕಿದೆ. ಐದು ಲಕ್ಷದ ಒಂದು ಸಾಲಕ್ಕೆ ಬೇಕಾಗುವಷ್ಟೇ ಕಾಗದಪತ್ರ, ಓಡಾಟ ಐದು ಸಾವಿರದ ಸಾಲಕ್ಕೂ ಬೇಕು. ಹೀಗಾಗಿ ಸಣ್ಣ ಸಾಲ ಬ್ಯಾಂಕಿಗೆ ದುಬಾರಿ, ದೊಡ್ಡ ಸಾಲ ಬಡವರಿಗೆ ದೂರ. ಈ ಎರಡರ ನಡುವಿನ ಕಂದಕವನ್ನು ದಾಟಲು ಕಂಡುಕೊಂಡ ದಾರಿಯೇ ಕಿರುಸಾಲ. ಆಸ್ತಿಯ ಜಾಮೀನಿನ ಬದಲು ಒಬ್ಬರಿಗೊಬ್ಬರು ನಿಲ್ಲುವ ಗುಂಪು, ದೊಡ್ಡ ಮೊತ್ತದ ಬದಲು ಸಣ್ಣ ಮೊತ್ತ, ವರ್ಷದ ಕೊನೆಯ ಗಂಟಿನ ಬದಲು ವಾರ ವಾರದ ಕಂತು: ಇದು ಅದರ ತಿರುಳು.

ಮೂರು ಊರುಗಳ ಕಥೆ

ಅಹಮದಾಬಾದಿನಲ್ಲಿ ತಲೆಹೊರೆ ಹೊರುವ, ತರಕಾರಿ ಮಾರುವ, ಬೀಡಿ ಕಟ್ಟುವ ಮಹಿಳೆಯರ ಸಂಘಟನೆ ಸೇವಾ. ಇಳಾ ಭಟ್ ಅವರು ಅದನ್ನು ಕಟ್ಟಿದರು. 1974ರಲ್ಲಿ ಅಲ್ಲಿನ 4,000 ಮಹಿಳೆಯರು ತಲಾ 10 ರೂಪಾಯಿ ಷೇರು ಹಣ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಬಹಳಷ್ಟು ಮಂದಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಅದಕ್ಕಾಗಿ ಬ್ಯಾಂಕು ಪಾಸ್‌ಪುಸ್ತಕದಲ್ಲಿ ಭಾವಚಿತ್ರ ಅಂಟಿಸಿ ಗುರುತು ಹಿಡಿಯುವ ಕ್ರಮ ತಂದಿತು. ಇಲ್ಲಿ ಮೊದಲು ಬಂದದ್ದು ಸಾಲವಲ್ಲ, ಸ್ವಂತ ಹೆಸರಿನ ಉಳಿತಾಯ ಎಂಬುದನ್ನು ನೆನಪಿಡಿ.

ಎರಡನೆಯ ಊರು ಬಾಂಗ್ಲಾದೇಶದ ಚಿತ್ತಗಾಂಗ್ ಬಳಿಯ ಜೋಬ್ರಾ. 1976ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ಮೊಹಮ್ಮದ್ ಯೂನುಸ್, ಬಿದಿರಿನ ಮೊಡ್ಡೆ ಹೆಣೆಯುವವರು ಮೊದಲಾದ 42 ಮಂದಿಗೆ ಒಟ್ಟು 27 ಡಾಲರಿನಷ್ಟು ಹಣವನ್ನು ತಮ್ಮ ಜೇಬಿನಿಂದಲೇ ಕೊಟ್ಟರು. ಸಾಲ ಮರಳಿ ಬಂತು. ಅದೇ ಮುಂದೆ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಅವರಿಗೂ ಆ ಬ್ಯಾಂಕಿಗೂ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಗ್ರಾಮೀಣ ಬ್ಯಾಂಕಿನ ಸಾಲಗಾರರಲ್ಲಿ ಬಹುಪಾಲು ಮಹಿಳೆಯರು.

ಮೂರನೆಯದು ನಮ್ಮದೇ ನಾಡು. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿತ್ತು. 1984-85ರ ಸುಮಾರಿಗೆ ಅಲ್ಲಿನ ಕೆಲವು ದೊಡ್ಡ ಸಹಕಾರ ಸಂಘಗಳು ಜಗಳ, ಅಪನಂಬಿಕೆಗಳಿಂದ ಒಡೆದವು. ಸದಸ್ಯರು "ಪಡೆದ ಸಾಲವನ್ನು ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ" ಎಂದರು. ಹಾಗಾದರೆ ನೀವು ನಂಬುವವರೊಡನೆ ಸಣ್ಣ ಗುಂಪು ಮಾಡಿಕೊಂಡು ಅಲ್ಲಿಗೇ ಕಟ್ಟಿ ಎಂದಿತು ಸಂಸ್ಥೆ. ಸ್ವಸಹಾಯ ಸಂಘದ ಬೀಜ ಬಿದ್ದದ್ದು ಹೀಗೆ. 1987ರಲ್ಲಿ ನಬಾರ್ಡ್ ಈ ಗುಂಪುಗಳ ತರಬೇತಿಗೂ ಮೂಲಧನಕ್ಕೂ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ಅದೇ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ ಕೈಗೊಂಡಿತು. 2000ದಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದ ಮೇಲಂತೂ ಸಂಘವಿಲ್ಲದ ಊರು ಹುಡುಕುವುದೇ ಕಷ್ಟವಾಯಿತು.

ಎರಡು ಬಗೆಯ ಸಂಘ

ಇಲ್ಲೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಏಕೆಂದರೆ ಜನರ ಬಾಯಲ್ಲಿ ಎಲ್ಲವೂ "ಸಂಘ"ವೇ. ಆದರೆ ಒಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ.

ಮೊದಲನೆಯದು ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಮಂದಿ ಸೇರುತ್ತಾರೆ. ಮೊದಲು ಉಳಿತಾಯ. ಹದಿನೈದು ಮಂದಿ ವಾರಕ್ಕೆ ತಲಾ 20 ರೂಪಾಯಿ ಹಾಕಿದರೆ ವಾರಕ್ಕೆ 300 ರೂಪಾಯಿ, ವರ್ಷಕ್ಕೆ 15,600 ರೂಪಾಯಿ. ಈ ಹಣದಿಂದಲೇ ಒಳಸಾಲ ಕೊಡುತ್ತಾರೆ. ಯಾರಿಗೆ ಮೊದಲು, ಎಷ್ಟು, ಯಾವ ಬಡ್ಡಿಗೆ ಎನ್ನುವುದನ್ನು ಸಭೆಯಲ್ಲಿ ಕೂತು ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದು ಇಟ್ಟುಕೊಂಡರೂ ಆ ಬಡ್ಡಿ ಹೊರಗೆ ಹೋಗುವುದಿಲ್ಲ, ಸಂಘದ ಗಂಟಿಗೇ ಸೇರುತ್ತದೆ. ಆರು ತಿಂಗಳಾದರೂ ಸರಿಯಾಗಿ ನಡೆದ ಸಂಘಕ್ಕೆ ಬ್ಯಾಂಕು ಉಳಿತಾಯವನ್ನು ಆಧರಿಸಿ ಸಾಲ ಕೊಡುತ್ತದೆ. ಸಾಲ ಸಂಘದ ಹೆಸರಿಗೆ. ಹಂಚಿಕೆ ಸಂಘದ ತೀರ್ಮಾನ.

ಎರಡನೆಯದು ಜಂಟಿ ಹೊಣೆಯ ಗುಂಪು. ಜನ ಇದನ್ನು "ವಾರದ ಸಂಘ", "ಮೈಕ್ರೋ ಫೈನಾನ್ಸ್" ಎಂದು ಕರೆಯುತ್ತಾರೆ. ಇಲ್ಲಿ ಹಣ ಕಂಪನಿಯದು. ಅದರ ಪ್ರತಿನಿಧಿ ಬಂದು ಐದಾರು ಮಂದಿಯ ಗುಂಪು ಮಾಡಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲ ಕೊಡುತ್ತಾನೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ಒತ್ತಡವಿರುತ್ತದೆ. ಉಳಿತಾಯದ ಗಂಟಿಲ್ಲ, ಒಳಸಾಲದ ತೀರ್ಮಾನವಿಲ್ಲ. ಬಡ್ಡಿ ಕಂಪನಿಗೆ ಹೋಗುತ್ತದೆ.

ಎರಡನೆಯದು ಕೆಟ್ಟದ್ದು, ಮೊದಲನೆಯದು ಒಳ್ಳೆಯದು ಎಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ಅವಸರಕ್ಕೆ ಹಣ ಬೇಕಾದವರಿಗೆ ಕಂಪನಿ ಬೇಗ ಕೊಡುತ್ತದೆ. ಮೀಟರ್ ಬಡ್ಡಿಯವನಿಗಿಂತ ಅದು ಎಷ್ಟೋ ವಾಸಿ. ಸ್ವಸಹಾಯ ಸಂಘದಲ್ಲೂ ಗಟ್ಟಿ ದನಿಯ ಇಬ್ಬರೇ ಎಲ್ಲವನ್ನೂ ನಡೆಸಿ, ಉಳಿದವರು ಹೆಬ್ಬೆಟ್ಟು ಒತ್ತಿ ಎದ್ದುಹೋಗುವುದುಂಟು. ಆದರೂ ಒಂದು ವ್ಯತ್ಯಾಸ ಮುಖ್ಯ. ಮೊದಲನೆಯದರಲ್ಲಿ ಮಹಿಳೆ ಸಾಲ ಕೊಡುವವಳೂ ಹೌದು, ಪಡೆಯುವವಳೂ ಹೌದು. ಎರಡನೆಯದರಲ್ಲಿ ಪಡೆಯುವವಳು ಮಾತ್ರ.

ಸಬಲೀಕರಣ ಎಂದರೆ ಏನು?

ಸಬಲೀಕರಣ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಬಹಳ ಕೇಳಿದ್ದೇವೆ. ಅದನ್ನು ಅಳೆಯುವುದು ಹೇಗೆ? 1996ರಲ್ಲಿ ಹಶೇಮಿ, ಶುಲರ್ ಮತ್ತು ರೈಲಿ ಎಂಬ ಸಂಶೋಧಕರು ಬಾಂಗ್ಲಾದೇಶದ ಹಳ್ಳಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರು ಎಂಟು ಅಳತೆಗಳನ್ನು ಇಟ್ಟುಕೊಂಡಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಆಕೆ ಸಂತೆಗೆ, ಆಸ್ಪತ್ರೆಗೆ, ಊರಾಚೆಗೆ ಹೋಗಬಲ್ಲಳೆ? ಆಕೆಯ ಸ್ವಂತದ್ದೆಂಬ ಹಣ, ಆಸ್ತಿ ಇದೆಯೆ? ಅಡುಗೆ ಸಾಮಾನಿನಂಥ ಸಣ್ಣ ಖರೀದಿಗೆ ಕೇಳದೆ ಖರ್ಚು ಮಾಡಬಲ್ಲಳೆ? ಮಕ್ಕಳ ಬಟ್ಟೆ, ತನ್ನ ಸೀರೆಯಂಥ ದೊಡ್ಡ ಖರೀದಿಗೆ? ಮನೆ ರಿಪೇರಿ, ದನ ಕೊಳ್ಳುವುದು, ಜಮೀನು ಹಿಡಿಯುವುದು ಇಂಥ ತೀರ್ಮಾನಗಳಲ್ಲಿ ಆಕೆಯ ಮಾತಿಗೆ ಜಾಗವಿದೆಯೆ? ಆಕೆಯ ಹಣವನ್ನು ಯಾರಾದರೂ ಕಿತ್ತುಕೊಳ್ಳುತ್ತಾರೆಯೆ, ತವರಿಗೆ ಹೋಗದಂತೆ ತಡೆಯುತ್ತಾರೆಯೆ? ಕಾನೂನು, ರಾಜಕೀಯಗಳ ಅರಿವಿದೆಯೆ? ಹೆಂಡತಿಯನ್ನು ಹೊಡೆಯುವವನ ವಿರುದ್ಧ ಅಥವಾ ಅನ್ಯಾಯದ ವಿರುದ್ಧ ನಾಲ್ಕು ಮಂದಿಯೊಡನೆ ನಿಂತಿದ್ದಾಳೆಯೆ?

ಈ ಪಟ್ಟಿಯಲ್ಲಿ "ಎಷ್ಟು ಸಾಲ ಪಡೆದಿದ್ದಾಳೆ" ಎಂಬ ಪ್ರಶ್ನೆ ಇಲ್ಲ, ಗಮನಿಸಿದಿರಾ? ಸಾಲ ಸಬಲೀಕರಣವಲ್ಲ. ಹೆಚ್ಚೆಂದರೆ ಅದು ಒಂದು ಮೆಟ್ಟಿಲು. ಆ ಸಂಶೋಧಕರು ಕಂಡದ್ದೇನೆಂದರೆ, ಸಾಲದ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರು ಈ ಅಳತೆಗಳಲ್ಲಿ ಒಟ್ಟಿನಲ್ಲಿ ಇತರರಿಗಿಂತ ಮುಂದಿದ್ದರು. ಮನೆಯ ಖರ್ಚಿಗೆ ಆಕೆ ತರುವ ಪಾಲು ಹೆಚ್ಚಿದಂತೆ ಬಲವೂ ಹೆಚ್ಚುತ್ತಿತ್ತು.

ಎರಡು ಮನೆ, ಒಂದೇ ಸಾಲ

ಅದೇ 1996ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಗೋಟ್ಸ್ ಮತ್ತು ಸೇನ್ ಗುಪ್ತಾ ಎಂಬ ಇಬ್ಬರು ಬಾಂಗ್ಲಾದೇಶದಲ್ಲಿ ಮಹಿಳೆಯರ ಹೆಸರಿನಲ್ಲಿದ್ದ 253 ಸಾಲಗಳ ಬೆನ್ನು ಹತ್ತಿ ಹೋದರು. ಹಣ ಕೊನೆಗೆ ಯಾರ ಕೈಯಲ್ಲಿ ಉಳಿಯಿತು ಎಂಬುದೇ ಅವರ ಪ್ರಶ್ನೆ. ನೂರಕ್ಕೆ 37ರಷ್ಟು ಸಾಲಗಳಲ್ಲಿ ಮಾತ್ರ ಮಹಿಳೆಗೆ ಹಣದ ಮೇಲೆ ಪೂರ್ಣ ಅಥವಾ ಗಣನೀಯ ಹಿಡಿತವಿತ್ತು. ಉಳಿದ 63ರಲ್ಲಿ ಹಿಡಿತ ಅರೆಬರೆ, ಇಲ್ಲವೆ ಏನೂ ಇಲ್ಲ.

ಇದು ನಮ್ಮ ನೆರೆಹೊರೆಯಲ್ಲೂ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪನೆಯ ಮೂಲಕ ನೋಡೋಣ. ಅಕ್ಕಪಕ್ಕದ ಎರಡು ಮನೆಗಳು. ಎರಡರಲ್ಲೂ ಗೃಹಿಣಿಯ ಹೆಸರಿಗೆ ತಲಾ 20,000 ರೂಪಾಯಿ ಸಾಲ ಬಂತು.

ಮೊದಲ ಮನೆಯಾಕೆ ನೋಟುಗಳನ್ನು ಗಂಡನ ಕೈಗೆ ಕೊಟ್ಟಳು. ಆತ ಹಳೆಯ ಕೈಸಾಲ ತೀರಿಸಿದ, ಮಿಕ್ಕಿದ್ದರಲ್ಲಿ ಆಟೋ ರಿಪೇರಿ ಮಾಡಿಸಿದ. ಆಟೋ ಓಡಿದ ದಿನ ಕಂತಿಗೆ ಹಣ ಸಿಗುತ್ತದೆ. ಓಡದ ದಿನ ಸಿಗುವುದಿಲ್ಲ. ಕಂತಿನ ದಿನ ಗುಂಪಿನವರ ಎದುರು ತಲೆ ತಗ್ಗಿಸಿ ಕೂರುವವಳು ಮಾತ್ರ ಆಕೆಯೇ. ಅವಳು ಮನೆಗೆಲಸಕ್ಕೆ ಇನ್ನೊಂದು ಮನೆ ಹಿಡಿದಳು, ತಾನು ಉಣ್ಣುವುದರಲ್ಲಿ ಉಳಿಸಿದಳು. ಹಣ ಅವನದು, ಹೊಣೆ ಇವಳದು.

ಎರಡನೆಯ ಮನೆಯಾಕೆ ಹಣದಲ್ಲಿ ಎರಡು ಕುರಿ ತಂದಳು, ಮಿಕ್ಕಿದ್ದರಲ್ಲಿ ಹೊಲಿಗೆ ಯಂತ್ರ ಕೊಂಡಳು. ಕುರಿಯನ್ನು ಮೇಯಿಸುವವಳೂ ಅವಳೇ, ಸಂತೆಯಲ್ಲಿ ಬೆಲೆ ಮಾತನಾಡಿದವಳೂ ಅವಳೇ. ಯುಗಾದಿಗೆ ಮುಂಚೆ ಒಂದನ್ನು ಮಾರಿದಾಗ "ಮಗಳನ್ನು ಹೈಸ್ಕೂಲಿಗೆ ಕಳಿಸೋಣ" ಎಂದಳು. ಗಂಡ ಒಂದು ದಿನ ಸುಮ್ಮನಿದ್ದು ಆಮೇಲೆ "ಆಗಲಿ" ಎಂದ. ಈ "ಆಗಲಿ" ಸಾಲದ ಪತ್ರದಲ್ಲಿ ಇರಲಿಲ್ಲ. ದುಡಿಮೆ ಅವಳ ಕೈಯಲ್ಲಿ ಇದ್ದುದರಿಂದ ಬಂತು.

ಹಾಗೆಂದು ಮೊದಲ ಮನೆಯ ಗಂಡನನ್ನು ದುಷ್ಟನೆಂದು ತಿಳಿಯಬೇಕಾಗಿಲ್ಲ. ಬಡ ಮನೆಯಲ್ಲಿ ನನ್ನ ಹಣ, ನಿನ್ನ ಹಣ ಎಂದು ಗೆರೆ ಎಳೆಯುವುದು ಕಷ್ಟ. ನೈಲಾ ಕಬೀರ್ ಎಂಬ ವಿದ್ವಾಂಸರು 2001ರಲ್ಲಿ ಈ ಮಾತನ್ನೇ ಎತ್ತಿ ತೋರಿಸಿದರು. ಸಾಲ ಪಡೆದ ಮಹಿಳೆಯರನ್ನೇ ಕೇಳಿದಾಗ, ಗಂಡನ ದುಡಿಮೆಗೆ ಹಣ ಹಾಕಿದ ಎಷ್ಟೋ ಮಂದಿ, ಸಾಲ ತಮ್ಮ ಮೂಲಕ ಬಂದದ್ದರಿಂದಲೇ ಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಬಂತು ಎಂದಿದ್ದರು. ಆದ್ದರಿಂದ ಹಣ ಯಾರು ಖರ್ಚು ಮಾಡಿದರು ಎಂಬುದಷ್ಟೇ ಸಾಲದು. ತೀರ್ಮಾನದಲ್ಲಿ ಆಕೆ ಇದ್ದಳೆ, ತೀರಿಸುವುದರಲ್ಲಿ ಆತ ಇದ್ದಾನೆಯೆ ಎಂದು ಕೇಳಬೇಕು.

ಹಣಕ್ಕಿಂತ ಕೂಟ ದೊಡ್ಡದೆ?

ಇನ್ನು ನಮಗೆ ಹತ್ತಿರದ ಹೈದರಾಬಾದಿಗೆ ಬರೋಣ. 2005ರ ನಂತರ ಅಲ್ಲಿನ 104 ಬಡ ಬಡಾವಣೆಗಳಲ್ಲಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಚೀಟಿ ಎತ್ತಿದಂತೆ ಆರಿಸಿದ 52 ಬಡಾವಣೆಗಳಲ್ಲಿ ಕಿರುಸಾಲದ ಶಾಖೆ ಮೊದಲು ತೆರೆಯಿತು, ಉಳಿದವುಗಳಲ್ಲಿ ತಡವಾಗಿ. ಎರಡನ್ನೂ ಹೋಲಿಸಿ ನೋಡಿದವರಲ್ಲಿ ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೂ ಇದ್ದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲೇ ವ್ಯಾಪಾರವಿದ್ದವರು ಅದಕ್ಕೆ ಹೆಚ್ಚು ಹಣ ಹಾಕಿದರು, ಬಾಳಿಕೆಯ ವಸ್ತುಗಳ ಖರೀದಿ ಹೆಚ್ಚಿತು, ಹೊಗೆಸೊಪ್ಪು ಮೊದಲಾದ ಚಪಲದ ಖರ್ಚು ತಗ್ಗಿತು. ಆದರೆ ಮಕ್ಕಳ ಶಿಕ್ಷಣ, ಆರೋಗ್ಯ, ಮನೆಯ ತೀರ್ಮಾನಗಳಲ್ಲಿ ಮಹಿಳೆಯ ಪಾತ್ರ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬೋಸ್ನಿಯ, ಇಥಿಯೋಪಿಯ, ಮೆಕ್ಸಿಕೊ, ಮಂಗೋಲಿಯ, ಮೊರಾಕೊಗಳಲ್ಲಿ ನಡೆದ ಇಂಥದೇ ಅಧ್ಯಯನಗಳೂ ಜೊತೆಯಲ್ಲೇ ಪ್ರಕಟವಾದವು. ಅವೂ ಕಿರುಸಾಲದಿಂದ ಬದುಕೇ ಬದಲಾಯಿತು ಎಂದು ಹೇಳಲಿಲ್ಲ.

ಹಾಗಾದರೆ ನಾವು ಕಣ್ಣಾರೆ ಕಂಡ ಧೈರ್ಯವಂತ ಸಂಘದ ಹೆಣ್ಣುಮಕ್ಕಳು ಎಲ್ಲಿಂದ ಬಂದರು? ಇದಕ್ಕೆ ಉತ್ತರ ಹಣದಲ್ಲಿ ಅಷ್ಟಾಗಿ ಇಲ್ಲ, ಕೂಟದಲ್ಲಿ ಇದೆ. ಒಂದು ಉದಾಹರಣೆ ನೆರೆಯ ಆಂಧ್ರದ್ದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಎದ್ದು ನಿಂತರು. ಹೋರಾಟ ರಾಜ್ಯವೆಲ್ಲ ಹರಡಿ 1993ರಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿಗೆ ಹೋಗುತ್ತಿದ್ದ ಹಣವನ್ನು ಉಳಿಸೋಣವೆಂದು ಅಲ್ಲಿ "ಪೊದುಪು ಲಕ್ಷ್ಮಿ" ಎಂಬ ಉಳಿತಾಯ ಗುಂಪುಗಳು ಹುಟ್ಟಿಕೊಂಡವು. ಪೊದುಪು ಎಂದರೆ ತೆಲುಗಿನಲ್ಲಿ ಉಳಿತಾಯ. ಇಲ್ಲಿ ಒಟ್ಟಾಗಿ ಕೂರುವುದು ಮೊದಲು ಬಂತು, ಹಣ ಆಮೇಲೆ.

ಇನ್ನೊಂದು ಕೊಲ್ಕತ್ತದ್ದು, 2013ರಲ್ಲಿ ಪ್ರಕಟವಾದ ಅಧ್ಯಯನ. ಕೆಲವು ಸಾಲಗಾರ ಗುಂಪುಗಳು ವಾರಕ್ಕೊಮ್ಮೆ, ಕೆಲವು ತಿಂಗಳಿಗೊಮ್ಮೆ ಸೇರುವಂತೆ ಮಾಡಲಾಗಿತ್ತು. ವಾರಕ್ಕೊಮ್ಮೆ ಸೇರಿದವರು ಸಭೆಯ ಹೊರಗೂ ಒಬ್ಬರ ಮನೆಗೊಬ್ಬರು ಹೆಚ್ಚಾಗಿ ಹೋಗಿಬರುವಂತಾದರು. ಮುಂದಿನ ಸಾಲದಲ್ಲಿ ಕಂತು ತಪ್ಪಿಸುವುದೂ ಅವರಲ್ಲಿ ಕಡಿಮೆಯಾಯಿತು. ಮದುವೆಯಾಗಿ ಬಂದ ಊರಿನಲ್ಲಿ ಹೆಣ್ಣಿಗೆ ತನ್ನವರೆಂದು ಯಾರಿರುತ್ತಾರೆ? ವಾರಕ್ಕೊಮ್ಮೆ, ಯಾರ ಅಪ್ಪಣೆಯೂ ಬೇಡದೆ, ಮನೆಯ ಹೊಸ್ತಿಲು ದಾಟಿ ಹದಿನೈದು ಮಂದಿಯೊಡನೆ ಕೂರಲು ಸಂಘ ಒಂದು ನೆಪ ಕೊಟ್ಟಿತು. ಬ್ಯಾಂಕಿನ ಕಿಟಕಿಯ ಮುಂದೆ ನಿಂತು ರೂಢಿಯಾದ ಎಷ್ಟೋ ಮಂದಿ ಮುಂದೆ ಪಂಚಾಯಿತಿ ಚುನಾವಣೆಗೂ ನಿಂತರು.

ಕಂತು ಕೊರಳಿಗೆ ಬಂದಾಗ

ಕೂಟ ಹಿಂದಕ್ಕೆ ಸರಿದು ಕಂತು ಮಾತ್ರ ಉಳಿದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2009ರಲ್ಲಿ ಕೋಲಾರ, ರಾಮನಗರ ಮೊದಲಾದ ರೇಷ್ಮೆಯ ಊರುಗಳಲ್ಲಿ ಸಾವಿರಾರು ಮಂದಿ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ರೇಷ್ಮೆ ಕೆಲಸ ಬಿದ್ದುಹೋಗಿತ್ತು. ಒಬ್ಬೊಬ್ಬಳ ಮೇಲೆ ಮೂರು ನಾಲ್ಕು ಕಂಪನಿಗಳ ಸಾಲವಿತ್ತು. ಕಟ್ಟಬೇಡಿ ಎಂದು ಊರಿನ ಮುಖಂಡರೂ ಹೇಳಿದ್ದರು. ಸಾಲ ಹೆಂಗಸರ ಹೆಸರಿನಲ್ಲಿ, ಕಟ್ಟಬಾರದೆಂಬ ತೀರ್ಮಾನ ಗಂಡಸರದು ಎಂಬುದು ಗಮನಿಸಬೇಕಾದ ಸಂಗತಿ.

2010ರಲ್ಲಿ ಆಂಧ್ರಪ್ರದೇಶದಲ್ಲಿ ವಸೂಲಿಯ ಕಿರುಕುಳ ತಾಳದೆ ಸಾಲಗಾರರು ಆತ್ಮಹತ್ಯೆ ಮಾಡಿಕೊಂಡ ಸುದ್ದಿಗಳು ಬಂದವು. ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಮರುವರ್ಷ ಮಾಲೇಗಾಂ ಸಮಿತಿಯ ವರದಿಯ ಮೇಲೆ ರಿಸರ್ವ್ ಬ್ಯಾಂಕು ಇಂಥ ಕಂಪನಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಆದರೂ ಕಥೆ ಮುಗಿಯಲಿಲ್ಲ. 2025ರ ಆರಂಭದಲ್ಲಿ ನಮ್ಮ ರಾಜ್ಯದಲ್ಲೇ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳನ್ನು ಓದಿದೆವು. ಆ ವರ್ಷದ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂತು. ಅದರಲ್ಲಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿತ್ತು. ಮುಂದೆ ಅದು ವಿಧಾನಮಂಡಲದಲ್ಲಿ ಕಾಯಿದೆಯ ರೂಪ ಪಡೆಯಿತು.

ಈ ಎಲ್ಲ ಕಡೆ ಕಾಣುವ ದಾರಿ ಒಂದೇ. ಒಂದು ಸಾಲದ ಕಂತಿಗೆ ಇನ್ನೊಂದು ಸಾಲ, ಅದರ ಕಂತಿಗೆ ಮತ್ತೊಂದು. ಗೆಳತಿಯರಾಗಿದ್ದ ಗುಂಪಿನವರೇ ಬಾಗಿಲಲ್ಲಿ ಕೂತು "ನಿನ್ನ ಕಂತು ನಾವೇಕೆ ಕಟ್ಟಬೇಕು?" ಎನ್ನುವ ಸ್ಥಿತಿ. ಧೈರ್ಯ ಕೊಡಬೇಕಾದ ಕೂಟವೇ ಆಗ ಮಾನ ಕಳೆಯುವ ಕೂಟವಾಗುತ್ತದೆ.

ಸಹಿ ಹಾಕುವ ಮೊದಲು

ಆದ್ದರಿಂದ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಕೆಲವು ವಿಷಯಗಳನ್ನು ತಿಳಿದಿರಿ.

ಒಂದು, ಬಡ್ಡಿಯ ಲೆಕ್ಕ. 10,000 ರೂಪಾಯಿಗೆ "ವರ್ಷಕ್ಕೆ ಶೇಕಡಾ 15 ಮಾತ್ರ" ಎಂದು ಹೇಳಿ 1,500 ರೂಪಾಯಿ ಬಡ್ಡಿ ಸೇರಿಸಿ 12 ಕಂತು ಮಾಡಿದರು ಎನ್ನಿ. ತಿಂಗಳಿಗೆ ಅಸಲು 833, ಬಡ್ಡಿ 125, ಒಟ್ಟು 958 ರೂಪಾಯಿ. ಕೊನೆಯ ತಿಂಗಳಲ್ಲಿ ನಿಮ್ಮ ಬಳಿ ಉಳಿದಿರುವ ಅಸಲು 833 ರೂಪಾಯಿ ಮಾತ್ರ. ಆದರೂ 125 ರೂಪಾಯಿ ಬಡ್ಡಿಯನ್ನೇ ಕಟ್ಟುತ್ತೀರಿ. ಅಸಲು ಕರಗಿದಂತೆ ಬಡ್ಡಿ ಕರಗದಿದ್ದರೆ ನಿಜವಾದ ದರ ಶೇಕಡಾ 25ನ್ನೂ ಮೀರುತ್ತದೆ. "ಬಾಕಿ ಉಳಿದ ಅಸಲಿನ ಮೇಲೆ ಬಡ್ಡಿಯೋ, ಮೊದಲ ಮೊತ್ತದ ಮೇಲೋ?" ಎಂದು ಕೇಳಿ.

ಎರಡು, ನಿಯಮಗಳು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆಯುವಂತಿಲ್ಲ, ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಮೂರು, ಸಂಘದ ಆರೋಗ್ಯ. ಕ್ರಮ ತಪ್ಪದ ಸಭೆ, ಕ್ರಮ ತಪ್ಪದ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾದ ಮರುಪಾವತಿ, ಅಂದಂದೇ ಬರೆದ ಪುಸ್ತಕ: ಇವನ್ನು ಸಂಘದ ಪಂಚಸೂತ್ರ ಎನ್ನುತ್ತಾರೆ. ಪುಸ್ತಕವನ್ನು ಒಬ್ಬಳೇ ವರ್ಷಗಟ್ಟಲೆ ಬರೆಯುತ್ತಿದ್ದರೆ, ಉಳಿದವರು ಓದಲು ಕಲಿಯದಿದ್ದರೆ, ಅಲ್ಲಿ ಹೊಸದೊಂದು ಯಜಮಾನಿಕೆ ಹುಟ್ಟುತ್ತಿದೆ ಎಂದು ತಿಳಿಯಿರಿ.

ನಾಲ್ಕು, ಮನೆಯ ಕೆಲಸ. ಹೆಂಡತಿ ಕುರಿ ಸಾಕಿ, ಹೊಲಿಗೆ ಮಾಡಿ, ಸಂಘಕ್ಕೂ ಹೋಗಿ, ನೀರು, ಸೌದೆ, ಅಡುಗೆಯನ್ನೂ ಒಬ್ಬಳೇ ಮಾಡಬೇಕಾದರೆ ಸಬಲೀಕರಣ ಎನ್ನುವುದು ದಿನಕ್ಕೆ ಮೂರು ಗಂಟೆ ಹೆಚ್ಚಿನ ದುಡಿಮೆಗೆ ಇಟ್ಟ ಹೆಸರಾಗುತ್ತದೆ. ಅಮ್ಮನ ಕೆಲಸ ಹೆಚ್ಚಾದಾಗ ಶಾಲೆ ತಪ್ಪುವುದು ದೊಡ್ಡ ಮಗಳಿಗೆ. ಈ ಮಾತು ಮನೆಯ ಗಂಡಸರಿಗೆ.

ಕೊನೆಯ ಮಾತು

ಕಿರುಸಾಲ ಮಂತ್ರದಂಡವಲ್ಲ, ಮಾರಿಯೂ ಅಲ್ಲ. ಭೂಮಿಯ ಹಕ್ಕು, ಸರಿಯಾದ ಕೂಲಿ, ಹತ್ತಿರದ ಆಸ್ಪತ್ರೆ, ಮಗಳ ಓದು ಇವು ಮಾಡಬೇಕಾದ ಕೆಲಸವನ್ನು ಇಪ್ಪತ್ತು ಸಾವಿರ ರೂಪಾಯಿಯ ಸಾಲ ಮಾಡಲಾರದು. ಆದರೆ ಸ್ವಂತ ಹೆಸರಿನ ಉಳಿತಾಯ, ತನ್ನ ಕೈಯಲ್ಲಿರುವ ದುಡಿಮೆ, ಬೆನ್ನಿಗೆ ನಿಲ್ಲುವ ಹದಿನೈದು ಮಂದಿ, ಈ ಮೂರು ಕೂಡಿದಲ್ಲಿ ಸಣ್ಣ ಸಾಲವೂ ದೊಡ್ಡ ಕೆಲಸ ಮಾಡುತ್ತದೆ. ಈ ಮೂರೂ ಇಲ್ಲದಲ್ಲಿ ಅದು ಹೆಣ್ಣಿನ ಹೆಸರಿನಲ್ಲಿ ಬರೆದ ಇನ್ನೊಂದು ಹೊರೆ, ಅಷ್ಟೆ.

ಈ ವಾರ ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತಾಗ ಈ ಪ್ರಶ್ನೆಗಳನ್ನು ಎತ್ತಿ ನೋಡಿ:

1. ನಮ್ಮ ಮನೆಯಲ್ಲಿ ಸಾಲ ಯಾರ ಹೆಸರಿನಲ್ಲಿದೆ? ಆ ಹಣ ಎಲ್ಲಿಗೆ ಹೋಯಿತು?

2. ಕಂತಿನ ಹಣ ಯಾರ ದುಡಿಮೆಯಿಂದ ಬರುತ್ತಿದೆ?

3. ಅಮ್ಮನ ಹೆಸರಿನಲ್ಲಿ, ಅವಳು ಕೇಳದೆ ತೆಗೆಯಬಹುದಾದ ಹಣ ಎಷ್ಟಿದೆ?

4. ಒಂದು ತಿಂಗಳು ದುಡಿಮೆ ನಿಂತರೆ ಕಂತು ಹೇಗೆ ಕಟ್ಟುತ್ತೇವೆ?

5. ಸಂಘದ ಪುಸ್ತಕವನ್ನು ನಮ್ಮ ಮನೆಯ ಹೆಣ್ಣುಮಗಳು ಓದಬಲ್ಲಳೆ? ಇಲ್ಲವಾದರೆ, ಅವಳಿಗೆ ಕಲಿಸುವವರು ಯಾರು?